ಮಾನವ ಸಂಪನ್ಮೂಲ ಅಭಿವೃದ್ಧಿ (ಭಾರತ)

ನೌಕರರ ತಿಳಿವಳಿಕೆ, ಕೌಶಲ ಮತ್ತು ಹುದುಗಿರುವ ಸಾಮರ್ಥ್ಯವನ್ನು ಸಂಸ್ಥೆಯೇ ಮುಂದೆ ನಿಂತು ಬೆಳೆಸುವ ವ್ಯವಸ್ಥೆ. ಆಡಳಿತ ವರ್ಗ ಇದನ್ನು ಉತ್ಪಾದಕತೆ ಹೆಚ್ಚಿಸುವ ಮಾರ್ಗವೆಂದು ಕಂಡರೆ, ಸಿಬ್ಬಂದಿಗೆ ಇದರ ಪರೀಕ್ಷೆ ನಡೆಯುವುದು ಬಡ್ತಿಯ ಹೊತ್ತಿನಲ್ಲಿ. ಭಾರತದಲ್ಲಿ ಇದರ ಇತಿಹಾಸವೆಂದರೆ ಬಹುಪಾಲು ಈ ಎರಡು ದೃಷ್ಟಿಗಳ ಹಗ್ಗಜಗ್ಗಾಟ.

ಆರಂಭದಲ್ಲಿ ಇದ್ದದ್ದು ಕಲ್ಯಾಣದ ಕಲ್ಪನೆ. 1948ರ ಕಾರ್ಖಾನೆ ಕಾಯ್ದೆ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿಯ ನೇಮಕವನ್ನು ಕಡ್ಡಾಯ ಮಾಡಿತು. ಕ್ಯಾಂಟೀನು, ವಿಶ್ರಾಂತಿ ಕೊಠಡಿಗಳ ಬಗ್ಗೆಯೂ ಅದರಲ್ಲಿ ನಿಯಮಗಳಿದ್ದವು. ಕೆಲಸಗಾರನ ಬೆಳವಣಿಗೆಯ ಮಾತು ಬಂದದ್ದು ಆಮೇಲೆ.

1974ರಲ್ಲಿ ಲಾರ್ಸನ್ ಅಂಡ್ ಟೂಬ್ರೊ ಕಂಪನಿ ತನ್ನ ಮೌಲ್ಯಮಾಪನ ಪದ್ಧತಿಯನ್ನು ಪರಿಶೀಲಿಸಲು ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರಾದ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರನ್ನು ಕರೆಸಿತು. ಅಂಕ ಹಾಕುವ ನಮೂನೆಯನ್ನಷ್ಟೇ ತಿದ್ದಿ ಅವರು ಸುಮ್ಮನಾಗಲಿಲ್ಲ. ಮೌಲ್ಯಮಾಪನ, ಮೇಲಧಿಕಾರಿಯೊಡನೆ ಮುಕ್ತ ಮಾತುಕತೆ, ತರಬೇತಿ, ಬಡ್ತಿ ಎಲ್ಲವನ್ನೂ ಒಂದಕ್ಕೊಂದು ಬೆಸೆದು, ಅದಕ್ಕೆಂದೇ ಪ್ರತ್ಯೇಕ ವಿಭಾಗ ಬೇಕೆಂದು 1975ರಲ್ಲಿ ವರದಿ ಕೊಟ್ಟರು. ಕಂಪನಿ ಒಪ್ಪಿತು. ಮುಂದೆ ಬ್ಯಾಂಕುಗಳು, ಸಾರ್ವಜನಿಕ ಉದ್ದಿಮೆಗಳು ಇದೇ ಹಾದಿ ಹಿಡಿದವು.

ವಿಭಾಗವೇನೋ ಬಂತು, ನೌಕರರಿಗೆ ನಂಬಿಕೆ ಬಂತೇ? ಇದನ್ನು ಅಳೆಯಲೆಂದು ರಾವ್ ಮತ್ತು ಇ. ಅಬ್ರಹಾಂ 1980ರ ದಶಕದಲ್ಲಿ 38 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಮೇಲಿನವರಿಗೆ ಸಿಬ್ಬಂದಿಯ ಏಳಿಗೆಯಲ್ಲಿ ಆಸಕ್ತಿ ಇದೆಯೇ, ಬಡ್ತಿ ಅರ್ಹತೆ ನೋಡಿ ಸಿಗುತ್ತದೆಯೇ ಎಂಬಂಥ ವಿಷಯಗಳಿಗೆ ನೌಕರರೇ ಐದು ಹಂತಗಳಲ್ಲಿ ಅಂಕ ಕೊಡಬೇಕಿತ್ತು. ಸಂಸ್ಥೆಯನ್ನು ನೌಕರರೇ ಅಳೆಯುವ ಈ ಕ್ರಮ ಇಂದಿಗೂ ಸಂಶೋಧಕರ ಬಳಕೆಯಲ್ಲಿದೆ.

ಸರ್ಕಾರಿ ಕಚೇರಿಗಳಲ್ಲಿ ಮಾತ್ರ ನೌಕರನ ಕೆಲಸದ ಬಗ್ಗೆ ಮೇಲಧಿಕಾರಿ ಬರೆಯುವ ಗೌಪ್ಯ ವರದಿಯದೇ ದರ್ಬಾರಾಗಿತ್ತು. ಪ್ರತಿಕೂಲ ಷರಾ ಇದ್ದರಷ್ಟೇ ನೌಕರನಿಗೆ ತಿಳಿಸುವ ರೂಢಿಯಿತ್ತು. ಗಡಿ ರಸ್ತೆಗಳ ಎಂಜಿನಿಯರ್ ದೇವ್ ದತ್ ಅವರ ವರದಿಯಲ್ಲಿ ಒಂದು ವರ್ಷ 'ಉತ್ತಮ' ಎಂದಿತ್ತು. ಬಡ್ತಿಗೆ 'ಅತ್ಯುತ್ತಮ' ಬೇಕಿತ್ತು. ಹೊಗಳಿಕೆಯಂತೆ ಕಾಣುವ ಆ ಒಂದು ಪದವೇ ಅವರಿಗೆ ಅಡ್ಡಗಾಲಾಯಿತು. 2008ರಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದಿರಲಿ, ವರದಿಯ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಲೇಬೇಕೆಂದು ತೀರ್ಪಿತ್ತಿತು. ಅಷ್ಟರಲ್ಲಿ ಅವರು ನಿವೃತ್ತರಾಗಿದ್ದರು.

ಮರುವರ್ಷ ಕೇಂದ್ರ ಸರ್ಕಾರ ಪೂರ್ಣ ವರದಿಯನ್ನು ತೋರಿಸಿ, ಆಕ್ಷೇಪಣೆಗೆ 15 ದಿನ ಕೊಡುವಂತೆ ಆದೇಶ ಹೊರಡಿಸಿತು. ಖಾಸಗಿ ಕಂಪನಿಗಳಿಗೆ ಈ ಆದೇಶ ಅನ್ವಯಿಸುವುದಿಲ್ಲ. ಅಲ್ಲಿ ವರದಿಯನ್ನು ಎಷ್ಟು ತೋರಿಸಬೇಕೆಂಬುದು ಆಯಾ ಕಂಪನಿಯ ನೀತಿಗೆ ಬಿಟ್ಟದ್ದು.