ಒಡಹುಟ್ಟಿದವರ ಸರದಿ: ಅಮೆರಿಕದ ವಲಸೆ ಕಾನೂನಿನ ಒಂದು ಅಧ್ಯಾಯ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಊರಿಗೆ ಹೋಗುವುದು ಮನುಷ್ಯನಿಗೆ ಹೊಸದಲ್ಲ. ನಮ್ಮ ಸಂಡೂರಿನ ಗುಡ್ಡಗಳಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರು ತೆಗೆಯುವ ಕೆಲಸ ಬೆಳೆದಂತೆ ಹೊರಗಿನಿಂದ ದುಡಿಯುವ ಕೈಗಳು ಬಂದವು. ಅಣ್ಣ ಗಣಿಯಲ್ಲಿ ಕೆಲಸಕ್ಕೆ ಸೇರಿದರೆ, ತಮ್ಮನನ್ನು ಕರೆಸಿಕೊಳ್ಳಲು ಒಂದು ಕಾಗದ ಬರೆದರೆ ಸಾಕಿತ್ತು. ತಮ್ಮ ಹೊಸಪೇಟೆಯಲ್ಲಿ ಸ್ವಾಮಿಹಳ್ಳಿ ರೈಲು ಹತ್ತಿ ಯಶವಂತನಗರದಲ್ಲಿ ಇಳಿಯಬಹುದಿತ್ತು. ಆದರೆ ನಡುವೆ ದೇಶದ ಗಡಿ ಬಂದರೆ ಅದೇ ಕೆಲಸಕ್ಕೆ ಎಷ್ಟು ಕಾಲ ಬೇಕು? ಇದಕ್ಕೆ ಉತ್ತರ ಅಮೆರಿಕದ ವಲಸೆ ಕಾನೂನಿನ ಇತಿಹಾಸದಲ್ಲಿದೆ.

ಮುಚ್ಚಿದ ಬಾಗಿಲು

1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದ ಜನರಿಗೆ ಅಮೆರಿಕದ ಪ್ರವೇಶವನ್ನು ನಿರ್ಬಂಧಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಭಾರತೀಯರು ಪೌರತ್ವ ಪಡೆಯಲು ಅರ್ಹರಲ್ಲವೆಂದು ತೀರ್ಪು ನೀಡಿತು. 1946ರಲ್ಲಿ ಲೂಸ್-ಸೆಲ್ಲರ್ ಕಾನೂನು ಪೌರತ್ವದ ಹಕ್ಕನ್ನು ಕೊಟ್ಟಿತಾದರೂ, ಇಡೀ ಭಾರತಕ್ಕೆ ವರ್ಷಕ್ಕೆ ಕೇವಲ 100 ಜನರ ಕೋಟಾ ಇಟ್ಟಿತು.

1965ರ ತಿರುವು

1965ರ ಅಕ್ಟೋಬರ್ 3ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ವಲಸೆ ಕಾನೂನಿಗೆ ಸಹಿ ಹಾಕಿದರು. ಹುಟ್ಟಿದ ದೇಶದ ಲೆಕ್ಕದ ಕೋಟಾ ಹೋಗಿ, ರಕ್ತಸಂಬಂಧಕ್ಕೆ ಮತ್ತು ವಿದ್ಯೆಗೆ ಆದ್ಯತೆ ಬಂತು. ಪೌರರ ಅಣ್ಣತಮ್ಮ ಅಕ್ಕತಂಗಿಯರಿಗೆ ಐದನೇ ಆದ್ಯತೆ ಎಂದು ವೀಸಾಗಳಲ್ಲಿ ಶೇಕಡಾ 24 ಪಾಲನ್ನು ಮೀಸಲಿಟ್ಟರು. ಕುಟುಂಬಕ್ಕೆ ಆದ್ಯತೆ ಕೊಟ್ಟರೆ ಆಗಲೇ ಅಲ್ಲಿದ್ದ ಯುರೋಪ್ ಮೂಲದವರ ಬಂಧುಗಳೇ ಹೆಚ್ಚಾಗಿ ಬರುತ್ತಾರೆ ಎಂದು ಕಾನೂನು ರೂಪಿಸಿದವರಲ್ಲಿ ಕೆಲವರು ಎಣಿಸಿದ್ದರು. ಆದದ್ದೇ ಬೇರೆ. ವಿದ್ಯೆಯ ಬಲದಿಂದ ಹೋದ ಏಷ್ಯಾದ ವೈದ್ಯರು, ಇಂಜಿನಿಯರುಗಳು ಪೌರತ್ವ ಪಡೆದು ತಮ್ಮವರನ್ನು ಕರೆಸಿಕೊಂಡರು. ಹೀಗೆ ಹೋದವರಲ್ಲಿ ಕರ್ನಾಟಕದವರೂ ಇದ್ದರು.

ಬೆಳೆದ ಸಾಲು

1990ರ ಕಾನೂನು ಒಡಹುಟ್ಟಿದವರನ್ನು ನಾಲ್ಕನೇ ಆದ್ಯತೆಗೆ ಸೇರಿಸಿ, ಪ್ರಪಂಚಕ್ಕೆಲ್ಲ ವರ್ಷಕ್ಕೆ 65,000 ವೀಸಾ ಎಂದು ನಿಗದಿಪಡಿಸಿತು. ಯಾವ ದೇಶಕ್ಕೂ ಆದ್ಯತಾ ವೀಸಾಗಳಲ್ಲಿ ಶೇಕಡಾ 7ಕ್ಕಿಂತ ಹೆಚ್ಚು ಪಾಲಿಲ್ಲ. ಈ ಸಂಖ್ಯೆಯಲ್ಲಿ ಹೆಂಡತಿ ಅಥವಾ ಗಂಡ, ಮಕ್ಕಳೂ ಸೇರುತ್ತಾರೆ. ಪರಿಣಾಮವಾಗಿ 2025ರಲ್ಲಿ ಭಾರತೀಯರ ಪೈಕಿ 2006ರಲ್ಲಿ ಅರ್ಜಿ ಹಾಕಿದವರ ಸರದಿ ನಡೆಯುತ್ತಿತ್ತು. ಅಂದರೆ ಸುಮಾರು 19 ವರ್ಷಗಳ ಕಾಯುವಿಕೆ!

ಅರ್ಜಿ ಹಾಕುವ ಹಕ್ಕು 21 ವರ್ಷ ತುಂಬಿದ ಪೌರರಿಗೆ ಮಾತ್ರ ಇದೆ, ಗ್ರೀನ್ ಕಾರ್ಡ್ ಇದ್ದವರಿಗಿಲ್ಲ. ಐ-130 ಎಂಬ ನಮೂನೆ ತುಂಬಿ ಸಲ್ಲಿಸಿದ ದಿನವೇ ಸರದಿಯ ದಿನಾಂಕವಾಗುತ್ತದೆ. ಅರ್ಜಿ ಮಂಜೂರಾಯಿತೆಂದರೆ ವೀಸಾ ಬಂತೆಂದು ಅರ್ಥವಲ್ಲ. ಸಂಬಂಧ ನಿಜವೆಂದು ಒಪ್ಪಿದ್ದಾರೆ ಎಂದಷ್ಟೇ ಅರ್ಥ. ತಂದೆತಾಯಿಗೆ ಈ ಸಾಲೂ ಇಲ್ಲ, ಮಿತಿಯೂ ಇಲ್ಲ. ಹಾಗಾಗಿ ವೃದ್ಧ ತಂದೆತಾಯಿ ಒಬ್ಬ ಮಗನ ಬಳಿಗೆ ಹೋಗಿ, ಇನ್ನೊಬ್ಬ ಮಗ ಇಲ್ಲೇ ಉಳಿಯುವುದೂ ಉಂಟು.

ಮಕ್ಕಳ ವಯಸ್ಸು

ಈ ಕಾಯುವಿಕೆಯ ಬೆಲೆ ತೆರುವವರು ಮಕ್ಕಳು. 21 ದಾಟಿದ ಅಥವಾ ಮದುವೆಯಾದ ಮಗ, ಮಗಳು ತಂದೆಯ ಜೊತೆ ಹೋಗುವಂತಿಲ್ಲ. 2002ರ ಒಂದು ಕಾನೂನು ಸ್ವಲ್ಪ ರಿಯಾಯಿತಿ ಕೊಟ್ಟಿತು. ಅರ್ಜಿ ಕಚೇರಿಯಲ್ಲಿ ಮಂಜೂರಾಗದೆ ಬಿದ್ದಿದ್ದ ಅವಧಿಯನ್ನು ವಯಸ್ಸಿನಿಂದ ಕಳೆಯುತ್ತಾರೆ. ಅರ್ಜಿ ಹಾಕಿದಾಗ 4 ವರ್ಷದ ಮಗುವಿಗೆ 19 ವರ್ಷದ ನಂತರ 23 ಆಗಿರುತ್ತದೆ. ಮಂಜೂರಾತಿಗೆ 3 ವರ್ಷ ಹಿಡಿದಿದ್ದರೆ ಲೆಕ್ಕಕ್ಕೆ 20, ಹೋಗಬಹುದು. ಒಂದೇ ವರ್ಷದಲ್ಲಿ ಮಂಜೂರಾಗಿದ್ದರೆ 22, ಹೋಗುವಂತಿಲ್ಲ. ಕಚೇರಿ ಚುರುಕಾಗಿ ಕೆಲಸ ಮಾಡಿದ್ದಕ್ಕೆ ಮಗುವಿಗೆ ನಷ್ಟ! ಹೀಗೆ ವಯಸ್ಸು ಮೀರಿದ ಮಕ್ಕಳಿಗೆ ತಂದೆಯ ಹಳೆಯ ಸರದಿಯ ದಿನಾಂಕವೂ ಸಿಗುವುದಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಈ ವರ್ಗವನ್ನೇ ತೆಗೆದುಹಾಕುವ ಪ್ರಯತ್ನಗಳೂ ನಡೆದಿವೆ. 2013ರಲ್ಲಿ ಸೆನೆಟ್ ಅಂತಹ ಮಸೂದೆಯನ್ನು ಅಂಗೀಕರಿಸಿತ್ತು; ಕೆಳಮನೆಯಲ್ಲಿ ಅದು ಮುಂದೆ ಸಾಗಲಿಲ್ಲ. ಇತರ ದೇಶಗಳಲ್ಲಿ ಇಷ್ಟು ಅವಕಾಶವೂ ಇಲ್ಲ. ಕೆನಡಾದಲ್ಲಿ ಒಡಹುಟ್ಟಿದವರಿದ್ದರೆ ನುರಿತ ಕೆಲಸಗಾರರ ಅರ್ಜಿಗೆ 2017ರಿಂದ 15 ಹೆಚ್ಚುವರಿ ಅಂಕ ಸಿಗುತ್ತದೆ, ಅಷ್ಟೇ. ಕೊಲ್ಲಿ ರಾಷ್ಟ್ರಗಳಲ್ಲಿ ಅಣ್ಣ ವೀಸಾ ಕಳಿಸಿದ ಎನ್ನುತ್ತೇವಾದರೂ ಅದು ಸಾಮಾನ್ಯವಾಗಿ ಕೆಲಸ ಕೊಡುವವರ ವೀಸಾ, ಕೆಲಸ ಇರುವವರೆಗಿನ ವಾಸ.

ದಾಖಲೆಗಳ ಪಾಠ

ಒಡಹುಟ್ಟಿದವರೆಂದು ತೋರಿಸಲು ಇಬ್ಬರ ಜನನ ಪ್ರಮಾಣಪತ್ರದಲ್ಲೂ ಅದೇ ತಂದೆ ಅಥವಾ ತಾಯಿಯ ಹೆಸರಿರಬೇಕು. ನಮ್ಮ ಮನೆಗಳಲ್ಲಿ ತೊಡಕಾಗುವುದು ಇಲ್ಲೇ. ಒಂದು ಕಾಗದದಲ್ಲಿ ಶೇಖ್, ಇನ್ನೊಂದರಲ್ಲಿ ಶೇಕ್. ತಾಯಿಯ ಹೆಸರಿನ ಮುಂದೆ ಒಂದು ಕಡೆ ಬೀ, ಇನ್ನೊಂದು ಕಡೆ ಬೇಗಂ. ಊರಿನ ವಿಳಾಸವೂ ಇತಿಹಾಸದೊಂದಿಗೆ ಬದಲಾಗಿದೆ. ಸಂಡೂರು 1949ರವರೆಗೆ ಘೋರ್ಪಡೆಯವರ ಸಂಸ್ಥಾನ, ನಂತರ ಮದ್ರಾಸ್ ಪ್ರಾಂತ್ಯ, 1953ರಲ್ಲಿ ಮೈಸೂರು, 1973ರಿಂದ ಕರ್ನಾಟಕ. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಹೋಯಿತು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಒಂದೇ ಮನೆಯ ಕಾಗದಗಳಲ್ಲಿ ಇಷ್ಟು ವ್ಯತ್ಯಾಸವಿದ್ದರೆ ದೂರದ ಅಧಿಕಾರಿ ಪ್ರಶ್ನೆ ಕೇಳುವುದು ಸಹಜ. ಹಳೆಯ ಶಾಲಾ ದಾಖಲೆ, ಮದುವೆಯ ಪತ್ರ ಜೋಪಾನವಾಗಿಡಬೇಕು. ಮಗುವನ್ನು ಶಾಲೆಗೆ ಸೇರಿಸುವಾಗಲೇ ಹೆಸರುಗಳನ್ನು ಸರಿಯಾಗಿ ಬರೆಸಬೇಕು.

ವಿದ್ಯಾರ್ಥಿ ಮಿತ್ರರೇ, ದೊಡ್ಡಪ್ಪನೋ ಸೋದರಮಾವನೋ ಅರ್ಜಿ ಹಾಕಿದ್ದಾರೆಂದು ಪಿಯುಸಿಗೇ ಓದು ನಿಲ್ಲಿಸಿ, ಹೇಗೂ ಹೋಗುವವನೆಂದು ಕೂರುವುದು ಸಲ್ಲದು. ಆ ಸರದಿ ಬರುವಷ್ಟರಲ್ಲಿ ನಿಮ್ಮ ವಯಸ್ಸು ಮೀರಿರಬಹುದು, ಕಾನೂನೂ ಬದಲಾಗಿರಬಹುದು. 1965ರ ನಂತರ ಈ ದಾರಿಯಲ್ಲಿ ಮೊದಲು ನಡೆದವರನ್ನು ಯಾವ ಅಣ್ಣನೂ ಕರೆಸಿಕೊಂಡಿರಲಿಲ್ಲ. ಅವರನ್ನು ಕರೆದೊಯ್ದದ್ದು ಅವರ ವಿದ್ಯೆ. ಅರ್ಜಿ ತನ್ನ ಪಾಡಿಗೆ ಸಾಲಿನಲ್ಲಿರಲಿ, ನಿಮ್ಮ ಓದು ನಿಲ್ಲದಿರಲಿ.