ಫಿರಂಗಿಯ ಹಿಂದಿನ ಎಂಜಿನ್: ಸೋವಿಯತ್ ಟ್ಯಾಂಕ್ ಪರಂಪರೆ ಮತ್ತು ಕರ್ನಾಟಕ

ಟ್ಯಾಂಕುಗಳ ಇತಿಹಾಸವನ್ನು ಫಿರಂಗಿಯ ಅಳತೆಯಿಂದ ಬರೆಯುವುದು ರೂಢಿ. ಟಿ-55ಕ್ಕೆ 100 ಮಿ.ಮೀ., ಟಿ-62ಕ್ಕೆ 115, ಟಿ-64ಎ, ಟಿ-72 ಮತ್ತು ಟಿ-80ಕ್ಕೆ 125. ಈ ಲೆಕ್ಕ ಹಿಡಿದರೆ ಕೊನೆಯ ಮೂರರ ನಡುವೆ ವ್ಯತ್ಯಾಸವೇ ಉಳಿಯುವುದಿಲ್ಲ. ಒಂದೇ ಸೇನೆಗೆ, ಹತ್ತು ವರ್ಷಗಳ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಒಂದೇ ಫಿರಂಗಿಯ ಮೂರು ಟ್ಯಾಂಕುಗಳು ಏಕೆ ಬೇಕಾದವು? ಉತ್ತರ ಎಂಜಿನ್ ಕೋಣೆಯಲ್ಲಿದೆ ಎಂಬುದು ಈ ಲೇಖನದ ವಾದ. ಕರ್ನಾಟಕಕ್ಕೂ ಈ ಪರಂಪರೆಗೂ ಇರುವ ನಂಟನ್ನು ಅಲ್ಲಿಂದಲೇ ಗುರುತಿಸಬೇಕು.

ಟಿ-34ರ ವಿ-2 ಡೀಸೆಲ್ ಎಂಜಿನ್ ಖಾರ್ಕಿವ್‌ನಲ್ಲಿ ಹುಟ್ಟಿತು. 1941ರಲ್ಲಿ ಜರ್ಮನ್ ಸೇನೆ ಮುನ್ನುಗ್ಗಿದಾಗ ಅದರ ತಯಾರಿಕೆ ಚೆಲ್ಯಾಬಿನ್ಸ್ಕ್‌ನ ಟ್ರ್ಯಾಕ್ಟರ್ ಕಾರ್ಖಾನೆಗೆ ಹೋಯಿತು. ಹನ್ನೆರಡು ಸಿಲಿಂಡರ್, 38.8 ಲೀಟರ್, 500 ಅಶ್ವಶಕ್ತಿ. ಆ 38.8 ಲೀಟರ್ ಇಂದಿಗೂ ಬದಲಾಗಿಲ್ಲ. ಟಿ-55ರಲ್ಲಿ ಅದು 580 ಅಶ್ವಶಕ್ತಿ ಕೊಟ್ಟಿತು; ಟಿ-72ರ ವಿ-46ರಲ್ಲಿ 780, ಟಿ-90ಎಸ್‌ನ ವಿ-92ಎಸ್2ರಲ್ಲಿ 1,000. ಟಿ-34ಕ್ಕೂ ಟಿ-55ಕ್ಕೂ ನಡುವೆ ಬಂದ ಟಿ-44ರಲ್ಲಿ ವಿನ್ಯಾಸಕಾರ ಅಲೆಕ್ಸಾಂಡರ್ ಮೊರೊಜೋವ್ ಎಂಜಿನನ್ನು ಉದ್ದಕ್ಕೆ ಇಡದೆ ಅಡ್ಡಲಾಗಿ ಕೂರಿಸಿದ. ಒಡಲು ಗಿಡ್ಡವಾಯಿತು, ಉಳಿದ ತೂಕ ಉಕ್ಕಿನ ಕವಚಕ್ಕೆ ಸಿಕ್ಕಿತು. ಸೋವಿಯತ್ ಟ್ಯಾಂಕಿನ ತಗ್ಗಿದ ಮೈಕಟ್ಟಿಗೆ ಇದೇ ಬುನಾದಿ. ನನ್ನ ದೃಷ್ಟಿಯಲ್ಲಿ 125 ಮಿ.ಮೀ. ಫಿರಂಗಿಗಿಂತಲೂ ಇದು ದೊಡ್ಡ ತಿರುವು. ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದಲ್ಲಿರುವ ಟಿ-55ರ ಎಡ ಮಗ್ಗುಲನ್ನು ಗಮನಿಸಿದರೆ ಹೊಗೆ ಹೊರಬೀಳುವ ಕಿಂಡಿ ಕಾಣುತ್ತದೆ. ಅಡ್ಡಲಾಗಿ ಕೂತ ಎಂಜಿನ್‌ನ ಗುರುತು ಅದು.

ಕವಲು ಒಡೆದದ್ದು ಟಿ-64ರಲ್ಲಿ. ಮೊರೊಜೋವ್ ಹಳೆಯ ಎಂಜಿನನ್ನೇ ಕೈಬಿಟ್ಟು, ಐದು ಸಿಲಿಂಡರುಗಳಲ್ಲಿ ಹತ್ತು ಪಿಸ್ಟನ್‌ಗಳು ಎದುರುಬದುರಾಗಿ ಓಡುವ 700 ಅಶ್ವಶಕ್ತಿಯ 5ಟಿಡಿಎಫ್ ಅನ್ನು ಆರಿಸಿಕೊಂಡ. ಅದು ತೀರ ಚಿಕ್ಕದು, ಅಷ್ಟೇ ನಾಜೂಕಿನದು, ತಯಾರಿಕೆಯೂ ಕಷ್ಟ. ಯುದ್ಧ ಬಂದರೆ ಸಾಕಷ್ಟು ಎಂಜಿನ್ ಸಿಗಲಾರವೆಂಬ ಅಳುಕಿನಿಂದ ನಿಜ್ನಿ ತಗೀಲ್ ಕಾರ್ಖಾನೆ ಅದೇ ವಿನ್ಯಾಸಕ್ಕೆ ವಿ-2 ವಂಶದ ಡೀಸೆಲ್ ಎಂಜಿನ್ ಹೊಂದಿಸಿತು, ಗುಂಡು ತುಂಬುವ ಯಂತ್ರವನ್ನೂ ಚಕ್ರಗಳನ್ನೂ ಬದಲಿಸಿತು. 1973ರಲ್ಲಿ ಸೇನೆ ಒಪ್ಪಿದ ಟಿ-72 ಹೀಗೆ ರೂಪುಗೊಂಡದ್ದು. ಲೆನಿನ್‌ಗ್ರಾಡ್ ಗ್ಯಾಸ್ ಟರ್ಬೈನಿನ ದಾರಿ ಹಿಡಿಯಿತು. 1976ರ ಟಿ-80 ವೇಗದ್ದು, ಆದರೆ ಇಂಧನ ವಿಪರೀತ ಕುಡಿಯುವಂಥದು. ಟಿ-64ನ್ನು ಸೋವಿಯತ್ ಒಕ್ಕೂಟ ಯಾರಿಗೂ ಮಾರಲಿಲ್ಲ. ಹೊರದೇಶಗಳಿಗೆ ಹೋದದ್ದು ಟಿ-72; ಭಾರತಕ್ಕೆ ಬಂದ ಟಿ-72ಎಂ1 ಆವಡಿಯ ಕಾರ್ಖಾನೆಯಲ್ಲಿ 'ಅಜೇಯ' ಎಂಬ ಹೆಸರು ಪಡೆಯಿತು.

ಭಾರಕ್ಕೂ ಶಕ್ತಿಗೂ ಇರುವ ಲೆಕ್ಕವನ್ನು ಜಮಖಂಡಿ, ಮುಧೋಳ, ಬೀಳಗಿಯ ಕಡೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿದ ಎರೆ ಹೊಲದಿಂದ ಕಬ್ಬು ತುಂಬಿದ ಟ್ರೇಲರನ್ನು ರಸ್ತೆಗೆ ಎಳೆದು ತರುವ ಟ್ರ್ಯಾಕ್ಟರಿನ ಪಾಡೇ ಟ್ಯಾಂಕಿನದೂ. ಟಿ-55ಕ್ಕೆ ಟನ್ನಿಗೆ ಸುಮಾರು 16 ಅಶ್ವಶಕ್ತಿ ಸಿಗುತ್ತಿತ್ತು, 41 ಟನ್ನಿನ ಟಿ-72ಕ್ಕೆ 19, 46.5 ಟನ್ನಿನ ಟಿ-90ಎಸ್‌ಗೆ 21.5. ದಶಕಗಳ ದುಡಿಮೆಯ ಫಲ ಇಷ್ಟು ಕಡಿಮೆಯಾಗಿ ಕಾಣಲು ಕಾರಣವಿದೆ: ಎಂಜಿನ್ ಗಳಿಸಿದ ಶಕ್ತಿಯ ದೊಡ್ಡದೊಂದು ಪಾಲನ್ನು ಕವಚದ ತೂಕ ನುಂಗಿಹಾಕಿತು.

ಹೂತ ಟ್ಯಾಂಕನ್ನು ಎಳೆಯಲು ಅದರಷ್ಟೇ ಭಾರದ ವಾಹನ ಬೇಕು. ಕೆಜಿಎಫ್‌ನ ಬೆಮೆಲ್ ಕಾರ್ಖಾನೆ ಈ ಪರಂಪರೆಗೆ ಸೇರುವುದು ಇಲ್ಲಿ. ಪೋಲೆಂಡಿನ ಬುಮಾರ್ ಸಂಸ್ಥೆಯ ತಂತ್ರಜ್ಞಾನದಿಂದ ಅದು ಕಟ್ಟಿದ ಡಬ್ಲ್ಯುಜೆಡ್‌ಟಿ-3 ರಕ್ಷಣಾ ವಾಹನದ ಒಡಲು ಟಿ-72ರದೇ. ತಿರುಗು ಗೋಪುರವಿಲ್ಲ, ಅದರ ಬದಲು ಕ್ರೇನ್, ಉಕ್ಕಿನ ಹಗ್ಗ ಸುತ್ತುವ ವಿಂಚ್, ಮುಂದೆ ಮಣ್ಣು ತಳ್ಳುವ ಹಲಗೆ. ರೂಪಾಂತರಗಳ ಪಟ್ಟಿಯಲ್ಲಿ ಇಂಥವನ್ನು ಕೊನೆಗೆ ತಳ್ಳುವುದು ಸರಿಯಲ್ಲ. ಒಂದು ಒಡಲು ಎಷ್ಟು ಗಟ್ಟಿ ಎಂಬುದಕ್ಕೆ ಫಿರಂಗಿ ಕಳಚಿದ ಮೇಲೂ ಅದು ಮಾಡುವ ಕೆಲಸವೇ ಪುರಾವೆ. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಬಿಇಎಲ್‌ನ ಪಾಲೂ ಸಣ್ಣದಲ್ಲ: ಭಾರತೀಯ ಸೇನೆಯ 957 ಟಿ-90 ಟ್ಯಾಂಕುಗಳಲ್ಲಿ ಕಮಾಂಡರನ ದೃಷ್ಟಿಯಂತ್ರ ಬದಲಿಸಲು 2022ರ ಫೆಬ್ರವರಿಯಲ್ಲಿ ಸುಮಾರು 1,075 ಕೋಟಿ ರೂಪಾಯಿಯ ಒಪ್ಪಂದವಾಯಿತು.

2025ರ ಮಾರ್ಚ್‌ನಲ್ಲಿ ಭಾರತವು ಟಿ-72ರ 780 ಅಶ್ವಶಕ್ತಿಯ ಎಂಜಿನ್‌ಗಳ ಜಾಗಕ್ಕೆ 1,000 ಅಶ್ವಶಕ್ತಿಯವನ್ನು ತರಲು ರಷ್ಯಾದೊಂದಿಗೆ 24.8 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲು, 2024ರ ಮಾರ್ಚ್ 20ರಂದು, ಮೈಸೂರಿನ ಬೆಮೆಲ್ ಎಂಜಿನ್ ವಿಭಾಗದಲ್ಲಿ ದೇಶದ ಮೊದಲ 1,500 ಅಶ್ವಶಕ್ತಿಯ ಟ್ಯಾಂಕ್ ಎಂಜಿನನ್ನು ಚಾಲೂ ಮಾಡಿ ಪರೀಕ್ಷಿಸಲಾಗಿತ್ತು. ಎರಡನ್ನೂ ಒಟ್ಟಿಗೆ ಓದಬೇಕು. ಮೊರೊಜೋವ್ ಉಳಿಸಿದ ಜಾಗವೇ ಈಗ ತೊಡಕು: ಅಡ್ಡ ಎಂಜಿನ್‌ಗೆಂದೇ ಅಳೆದ ಆ ಕಿರಿದಾದ ಕೋಣೆಗೆ ಬೇರೆ ವಂಶದ ದೊಡ್ಡ ಎಂಜಿನ್ ಸುಲಭವಾಗಿ ಹಿಡಿಸುವುದಿಲ್ಲ. ಆದ್ದರಿಂದ ಹಳೆಯ ಒಡಲಿಗೆ ಹಳೆಯ ದಾರಿಯ ಎಂಜಿನನ್ನೇ ಹುಡುಕಬೇಕಾಯಿತು. ಮೈಸೂರಿನ ಎಂಜಿನ್ ತನ್ನ ಪೂರ್ಣ ಶಕ್ತಿ ತೋರಬೇಕಾದರೆ ಮುಂದಿನ ಟ್ಯಾಂಕಿನ ಒಡಲನ್ನು ಅದರ ಅಳತೆಗೇ ರೂಪಿಸಬೇಕಾಗುತ್ತದೆ.