ಕಣ್ಣು ರೂಪುಗೊಳ್ಳುವಾಗ ಅಳಿದುಹೋಗುವ ರಕ್ತನಾಳಗಳು: ಒಂದು ಸಂಶೋಧನೆಯ ಇತಿಹಾಸ

ಗರ್ಭಸ್ಥ ಶಿಶುವಿನ ಕಣ್ಣೊಳಗೆ ಕೆಲವು ತಿಂಗಳ ಮಟ್ಟಿಗೆ ಮಾತ್ರ ಇರುವ ರಕ್ತನಾಳವೊಂದಿದೆ. ಅದರ ಹೆಸರು ಹಯಲಾಯ್ಡ್ ಅಪಧಮನಿ. ದೃಷ್ಟಿನರದ ಬುಡದಿಂದ ಹೊರಟು, ಮಸೂರದ ಹಿಂಬದಿಯಲ್ಲಿ ಕವಲೊಡೆದು, ಮಸೂರವನ್ನು ಬಲೆಯಂತೆ ಸುತ್ತಿ ಪೋಷಿಸುತ್ತದೆ. 9–10ನೇ ವಾರಕ್ಕೆ ಈ ಜಾಲ ಪೂರ್ತಿ ಹರಡಿರುತ್ತದೆ. ನಾಲ್ಕನೇ ತಿಂಗಳಿನಿಂದ ಸೊರಗತೊಡಗುತ್ತದೆ, ಏಳನೇ ತಿಂಗಳ ಸುಮಾರಿಗೆ ರಕ್ತದ ಹರಿವು ನಿಲ್ಲುತ್ತದೆ. ದಿನ ತುಂಬಿ ಹುಟ್ಟಿದ ಮಗುವಿನಲ್ಲಿ ಸಾಮಾನ್ಯವಾಗಿ ಅದು ಕಾಣುವುದಿಲ್ಲ. ಉಳಿದುಕೊಂಡರೆ ಬೆಳಕಿನ ದಾರಿಗೆ ಅಡ್ಡ.

ಅಂಗರಚನಾಕಾರರ ಕಣ್ಣಿಗೆ ಮೊದಲು ಬಿದ್ದದ್ದು ಈ ಜಾಲಕ್ಕೆ ಸೇರಿದ, ಪಾಪೆಗೆ ಅಡ್ಡಲಾಗಿರುವ ತೆಳು ಪೊರೆ. ವಾಖೆನ್‌ಡಾರ್ಫ್ 1740ರಲ್ಲಿ ಅದನ್ನು ವರ್ಣಿಸಿದ. 1818ರಲ್ಲಿ ಫ್ರಾನ್ಸಿನ ಜೂಲ್ ಕ್ಲೋಕೆ ಕಣ್ಣಿನ ಗಾಜುರಸದ ನಡುವಿನ ಕಾಲುವೆಯನ್ನು ಗುರುತಿಸಿದ. ನಾಳ ಅಳಿದ ಮೇಲೂ ಉಳಿಯುವ ಆ ಹಾದಿಗೆ ಇಂದಿಗೂ ಅವನ ಹೆಸರೇ ಇದೆ. ಮಸೂರದ ಹಿಂಬದಿಯಲ್ಲಿ ಕೆಲವರಿಗೆ ಉಳಿಯುವ ಚುಕ್ಕೆ ಮಿಟೆನ್‌ಡಾರ್ಫನ ಹೆಸರಿನದು. ಇಡಾ ಮಾನ್ 1928ರಲ್ಲಿ ಮಾನವ ಕಣ್ಣಿನ ಬೆಳವಣಿಗೆ ಕುರಿತು ಬರೆದ ಗ್ರಂಥದಲ್ಲಿ ಈ ಹಂತಗಳೆಲ್ಲ ಕ್ರಮವಾಗಿ ಬಂದವು. ನಾಳ ಯಾವಾಗ ಅಳಿಯುತ್ತದೆ ಎಂಬುದು ಹೀಗೆ ತಿಳಿಯಿತು. ಏಕೆ ಅಳಿಯುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ವೈದ್ಯರ ಆಸಕ್ತಿ ಬೇರೆ ಕಡೆಯಿಂದ ಹುಟ್ಟಿತು. ಅಳಿಯದ ನಾಳವಿರುವ ಕಣ್ಣು ಹೆಚ್ಚಾಗಿ ಚಿಕ್ಕದು, ಪಾಪೆ ಬಿಳಿ, ಸಾಮಾನ್ಯವಾಗಿ ಒಂದೇ ಕಣ್ಣಿನಲ್ಲಿ. ರೆಟಿನಾದ ಕ್ಯಾನ್ಸರೂ ಬಿಳಿ ಪಾಪೆಯಾಗಿಯೇ ತೋರುವುದರಿಂದ ಎರಡನ್ನೂ ಬೇರ್ಪಡಿಸುವುದು ಜೀವದ ಪ್ರಶ್ನೆ. ಅಮೆರಿಕದ ಆಲ್ಜರ್ನನ್ ರೀಸ್ 1955ರಲ್ಲಿ ಈ ದೋಷವನ್ನು ವಿವರವಾಗಿ ನಿರೂಪಿಸಿದ. 1997ರಲ್ಲಿ ಮಾರ್ಟನ್ ಗೋಲ್ಡ್‌ಬರ್ಗ್ ಅದಕ್ಕೆ ‘ಉಳಿದುಕೊಂಡ ಭ್ರೂಣ ರಕ್ತನಾಳಗಳು’ ಎಂಬರ್ಥದ ಹೆಸರು ಸೂಚಿಸಿದ. ಈ ಹೆಸರು ಒಪ್ಪುತ್ತದೆ, ಏಕೆಂದರೆ ತೊಂದರೆಯ ಮೂಲ ಹೊಸ ಬೆಳವಣಿಗೆಯಲ್ಲ, ಅಳಿಯದೆ ಉಳಿದ ಹಳೆಯ ನಾಳ.

ನಾಳ ಏಕೆ ಅಳಿಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕದ್ದು ಇಲಿಗಳಲ್ಲಿ. ಅವುಗಳಲ್ಲಿ ಈ ನಾಳ ಹುಟ್ಟಿದ ಮೇಲೆ ಅಳಿಯುವುದರಿಂದ ನೇರವಾಗಿ ಗಮನಿಸಬಹುದು. 1993ರಲ್ಲಿ ರಿಚರ್ಡ್ ಲ್ಯಾಂಗ್ ಮತ್ತು ಮೈಕೆಲ್ ಬಿಷಪ್ ಕಣ್ಣಿನ ಭಕ್ಷಕಕೋಶಗಳನ್ನು ನಾಶಮಾಡಿ ನೋಡಿದರು. ನಾಳಗಳು ಹಾಗೇ ಉಳಿದವು. ಭಕ್ಷಕಕೋಶಗಳು ಸತ್ತದ್ದನ್ನು ನುಂಗುವುದಷ್ಟೇ ಅಲ್ಲ, ಸಾಯಲು ಆಜ್ಞೆಯನ್ನೂ ಕೊಡುತ್ತವೆ. ಆ ಸಂಕೇತ ಡಬ್ಲ್ಯುಎನ್‌ಟಿ7ಬಿ ಎಂಬ ಪ್ರೋಟೀನ್ ಎಂದು ಲ್ಯಾಂಗ್ ಗುಂಪು 2005ರಲ್ಲಿ ತೋರಿಸಿತು. 2013ರಲ್ಲಿ ಸುಜಾತಾ ರಾವ್ ಮತ್ತು ಸಂಗಡಿಗರ ಪ್ರಯೋಗ ಇನ್ನೂ ಅಚ್ಚರಿಯದು: ಗರ್ಭದ ಕೊನೆಯ ದಿನಗಳಲ್ಲಿ ತಾಯಿ ಇಲಿಯನ್ನು ಕತ್ತಲಲ್ಲಿಟ್ಟಾಗ ಮರಿಗಳ ಕಣ್ಣಿನ ನಾಳಗಳು ಸರಿಯಾಗಿ ಅಳಿಯಲಿಲ್ಲ. ತಾಯಿಯ ಮೈ ದಾಟಿ ಬಂದ ಬೆಳಕನ್ನು, ಮೆಲನಾಪ್ಸಿನ್ ಎಂಬ ಬೆಳಕು ಗ್ರಹಿಸುವ ಪ್ರೋಟೀನ್ ಇರುವ ಭ್ರೂಣದ ಕೋಶಗಳು ಗ್ರಹಿಸುತ್ತವೆ.

ದಿನ ತುಂಬದೆ ಹುಟ್ಟಿದ ಕೂಸುಗಳಲ್ಲಿ ಈ ಜಾಲದ ಕುರುಹುಗಳು ಇನ್ನೂ ಕಾಣುತ್ತವೆ. ಹಿಟ್ನರ್ ಮತ್ತು ಸಂಗಡಿಗರು 1977ರಲ್ಲಿ ಅವುಗಳಿಂದ ಗರ್ಭದ ವಯಸ್ಸನ್ನು ಅಂದಾಜಿಸುವ ಕ್ರಮ ರೂಪಿಸಿದರು. ಇಂಥ ಕೂಸುಗಳಲ್ಲಿ ರೆಟಿನಾದ ಸ್ವಂತ ನಾಳಗಳೂ ಅರೆಬೆಳೆದಿರುವುದರಿಂದ ಕುರುಡಿನ ಅಪಾಯವಿದೆ. ಅದನ್ನು ತಡೆಯಲು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಯೋಜನೆ ಆರಂಭಿಸಿ, ಜಿಲ್ಲೆಗಳಲ್ಲೇ ಕೂಸಿನ ಕಣ್ಣಿನ ಚಿತ್ರ ತೆಗೆಯುವ ಏರ್ಪಾಡು ಮಾಡಿತು. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2000 ಗ್ರಾಮಿಗಿಂತ ಕಡಿಮೆ ತೂಗುವ ಮಗುವಿಗೆ ಕಣ್ಣಿನ ತಪಾಸಣೆ ಆಗಬೇಕೆಂಬುದು ರಾಷ್ಟ್ರೀಯ ಮಾನದಂಡ. ಆ ತಪಾಸಣೆ ಹುಟ್ಟಿದ 30 ದಿನಗಳೊಳಗೆ ನಡೆಯಬೇಕು.